ಒಂದು ಎಂಬ ಉತ್ತರ

ಕೂಗಿಕೊಂಡಿದೆ, ಯಾರೂ ಕೇಳಿಸಿಕೊಂಡಿಲ್ಲ. ಮಾಧವ್ ಕಂಪ್ಯೂಟರಿನ ಪರದೆಗೆ ಇನ್ನಷ್ಟು ಬಗ್ಗಿ ನೋಡಿದ. ಅನುಮಾನವೇ ಇರಲಿಲ್ಲ. ಅವನು ಬರೆದ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ನಿನ್ನೆ ಮಧ್ಯಾಹ್ನ ಕೆಲಸ ಕೆಟ್ಟಿದೆಯೆಂದು ಸ್ಪಷ್ಟವಾಗಿ ಹೇಳಿಯೇ ನಿಂತಿತ್ತು. ಮೊನ್ನೆಯೂ ಹೇಳಿತ್ತು. ಹೋದ ವಾರವೂ.

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ರಸದ ಘಟಕದಿಂದ ಮಾಲೂರಿನ ಈ ಆಫೀಸಿಗೆ ದಿನಾ ಒಂದು ಫೈಲು ಬರುತ್ತದೆ. ಯಾವ ಡ್ರಮ್ಮಿನ ರಸ ಎಷ್ಟು ಸಿಹಿ, ಎಷ್ಟು ಹುಳಿ ಎಂಬ ವಿವರ. ಅದನ್ನು ದಾಟಿಸುವುದು ಮಿಡಲ್‌ವೇರ್ ಎಂಬ ತಂತ್ರಾಂಶ. ಎರಡು ಊರಿನ ಕಂಪ್ಯೂಟರುಗಳ ನಡುವೆ ನಿಂತ ಮಂಡಿ ದಲ್ಲಾಳಿ ಅಂದುಕೊಳ್ಳಿ. ಫೈಲು ಬಂದಿಳಿದ ಕೂಡಲೇ ಅದು ಮಾಧವ್‌ನ ಸ್ಕ್ರಿಪ್ಟನ್ನು ಕರೆಯುತ್ತದೆ. ಸ್ಕ್ರಿಪ್ಟು ಫೈಲಿನ ಹೆಸರು ಬದಲಿಸಿ, ಲ್ಯಾಬಿನ ಫೋಲ್ಡರಿಗೆ ಸೇರಿಸಿ, ಎಲ್ಲ ಸರಿಯಿದ್ದರೆ ಸೊನ್ನೆ, ಕೆಟ್ಟಿದ್ದರೆ ಒಂದು ಎಂದು ಉತ್ತರ ಕೊಡಬೇಕು. ಉತ್ತರ ಕೊಡುವ ಆ ಕೊನೆಯ ಸಾಲನ್ನು ಮಾಧವ್ ಬಲು ಮುತುವರ್ಜಿಯಿಂದ ಬರೆದಿದ್ದ.

ಲ್ಯಾಬಿನವರು ಯಾವಾಗಲೋ ಫೋಲ್ಡರಿನ ಹೆಸರು ಬದಲಾಯಿಸಿದ್ದರು. ಅಂದಿನಿಂದ ಸ್ಕ್ರಿಪ್ಟು ಒಂದು, ಒಂದು ಎಂದು ಬಡಕೊಳ್ಳುತ್ತಲೇ ಇತ್ತು. ದಲ್ಲಾಳಿ ಮಾತ್ರ ಪ್ರತಿದಿನ ನೆಮ್ಮದಿಯಾಗಿ ಹಸಿರು ದೀಪ ತೋರಿಸಿತ್ತು. ಕೈಪಿಡಿ ತೆಗೆದು ನೋಡಿದರೆ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಮಿಡಲ್‌ವೇರ್ ಸ್ಕ್ರಿಪ್ಟನ್ನು ಕರೆಯುತ್ತದೆ, ಅಷ್ಟೆ. ಅದೇನು ಹೇಳಿತು ಎಂದು ಕೇಳುವುದಿಲ್ಲ.

ಮಾಧವ್‌ಗೆ ಹೆದರಿಕೆಯಾಗಬೇಕಿತ್ತು, ನಗು ಬಂತು. ಅವನ ಅಪ್ಪ ನರಸಿಂಹ ಭಟ್ಟರು ಮುಳಬಾಗಿಲಿನಲ್ಲಿ ಪುರೋಹಿತರು. ಪುಣ್ಯಾಹಕ್ಕೆ ಎರಡನೆಯ ಬ್ರಾಹ್ಮಣ ಸಿಗದ ದಿನ ತಾವೇ ‘ಭವಂತೋ ಬ್ರುವಂತು’, ತಾವು ಹೇಳಿ, ಎಂದು ಕೇಳಿ, ದನಿಯನ್ನು ಕೊಂಚ ತಗ್ಗಿಸಿ ತಾವೇ ‘ತಥಾಸ್ತು’ ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಅವರಿಗಾದರೂ ಉತ್ತರ ಬೇಕು ಎನಿಸಿತ್ತಲ್ಲ ಎಂದುಕೊಂಡ.

ಫೋಲ್ಡರಿನ ಹೆಸರು ತಿದ್ದುವುದು ಒಂದು ಗಳಿಗೆಯ ಕೆಲಸ. ಅವನು ತಿದ್ದಲಿಲ್ಲ. ಎದ್ದು ಮ್ಯಾನೇಜರ್ ಶ್ರೀನಿವಾಸಪ್ಪನವರ ಕೋಣೆಗೆ ಹೋದ. ಅವರು ಕಾಗದಗಳ ಮೇಲಿಂದ ತಲೆಯೆತ್ತದೆ, ಪ್ರೀತಿಯಿಂದಲೇ ಕೇಳಿದರು.

‘‘ಏನ್ ಮಾಧವ್, ಎಲ್ಲಾ ಸರೀನಾ?’’

‘‘ಇಲ್ಲ ಸಾರ್. ಕೆಟ್ಟಿದೆ.’’

‘‘ಗುಡ್, ಗುಡ್. ಹೀಗೇ ನಡೆಸ್ಕೊಂಡು ಹೋಗಿ.’’

ಹೊರಗೆ ಬಂದಾಗ ಅವನಿಗೆ ಅವಮಾನವೂ ಆಗಿತ್ತು, ಎಂಥದೋ ಪುಳಕವೂ ಆಗಿತ್ತು. ಕೆಟ್ಟಿದ್ದು ಫೈಲು ಮಾತ್ರವಾಗಿದ್ದರೆ ಅವನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇತ್ತೀಚೆಗೆ ಬೆಳಗ್ಗೆ ಹಾಸಿಗೆಯಿಂದ ಏಳಲು ಅವನಿಗೆ ಕಾರಣವೇ ಹೊಳೆಯುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಒಬ್ಬರು, ಒಬ್ಬರೇ ಒಬ್ಬರು ನಿಂತು ಉತ್ತರ ಕೇಳಿಸಿಕೊಂಡರೆ ಎಲ್ಲವನ್ನೂ ಹೇಳಿಬಿಡುವುದು ಎಂದು ನಿಶ್ಚಯಿಸಿದ.

ಲ್ಯಾಬಿನ ಮೃದುಲಾಗೆ ಫೈಲು ಬರುತ್ತಿಲ್ಲವಲ್ಲ ಎಂದು ನೆನಪಿಸಿದ. ಯಾವ ಫೈಲು ಎಂದು ಆಕೆ ಕೇಳಿದಳು. ದಿನಾ ಶ್ರೀನಿವಾಸಪುರದ ಘಟಕದ ಸುಬ್ರಮಣಿಗೆ ಫೋನು ಮಾಡಿ ಲೆಕ್ಕ ಕೇಳಿ ಬರೆದುಕೊಳ್ಳುತ್ತಾಳಂತೆ, ಮೊದಲಿಂದಲೂ. ಇಷ್ಟು ಹೇಳಿ, ಅವನ ಕೈಗೆ ಚಮಚದಷ್ಟು ಬಾದಾಮಿ ಮಾವಿನ ರಸ ಹಾಕಿದಳು. ರಸ ಚೆನ್ನಾಗಿತ್ತು.

ಕ್ಯಾಂಟೀನಿನ ಕದಿರಮ್ಮ ರಾಯಲ್ಪಾಡು ಕಡೆಯವಳು. ಯಾವ ಹೊತ್ತಿನಲ್ಲೂ ಅವಳದು ತಿಂಡಿ ಆಯಿತೇ ಎಂಬ ಒಂದೇ ಪ್ರಶ್ನೆ, ಅದೂ ತೆಲುಗಿನಲ್ಲಿ.

‘‘ಟಿಫನ್ ಐಂದಾ ಸಾರ್?’’

‘‘ಇಲ್ಲ ಕದಿರಮ್ಮ. ಊಟ ಬಿಟ್ಟುಬಿಟ್ಟಿದೀನಿ.’’

‘‘ಮಂಚಿದಿ ಸಾರ್,’’ ಒಳ್ಳೆಯದಾಯಿತು ಎಂದು ನಗುತ್ತ ಟೀ ಬಗ್ಗಿಸಿಕೊಟ್ಟಳು.

ಸಂಜೆ ಗೇಟಿನಲ್ಲಿ ಕಾವಲಿನ ಬಚ್ಚಪ್ಪ ಎದ್ದು ನಿಂತು ಮನೆಯಲ್ಲೆಲ್ಲ ಹೇಗಿದ್ದಾರೆಂದು ವಿಚಾರಿಸಿದ. ಮನೆ ಬಿದ್ದುಹೋಯಿತು ಎಂದ ಮಾಧವ್. ದೇವರು ಹಿಂಗೇ ಇಟ್ಟಿರಲಿ ಎಂದು ಬಚ್ಚಪ್ಪ ಕೈಮುಗಿದ. ಅವನ ಮುಖದಲ್ಲಿದ್ದ ಸಂತೋಷ ಎಷ್ಟು ನಿಜವಾಗಿತ್ತೆಂದರೆ ಮಾಧವ್‌ಗೂ ತನ್ನ ಮನೆ ಬಿದ್ದದ್ದು ಒಳ್ಳೆಯದೇ ಆಯಿತೆನಿಸಿತು.

ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬನೇ ನಕ್ಕ. ಪಕ್ಕದವರು ಸರಿದು ಕೂತರು. ಇದನ್ನು ಸೌಪರ್ಣಿಕಾಗೆ ಹೇಳಬೇಕು. ಹೆಂಡತಿ ಕೇಳಿಸಿಕೊಳ್ಳುತ್ತಾಳೆ. ನಗುತ್ತಾಳೆ. ನಗುವಿನ ಕೊನೆಯಲ್ಲಿ ಆ ಇನ್ನೊಂದು ಮಾತನ್ನೂ ಮೆಲ್ಲಗೆ ಜಾರಿಸಿಬಿಡಬಹುದು. ಎಲ್ಲಿಂದ ಶುರು ಮಾಡುವುದು? ಕದಿರಮ್ಮನಿಂದಲೋ, ಮ್ಯಾನೇಜರರಿಂದಲೋ?

ಮನೆಯಲ್ಲಿ ಚಪ್ಪಲಿ ಬಿಡುವಾಗಲೂ ಅದನ್ನೇ ಯೋಚಿಸುತ್ತಿದ್ದ. ಸೌಪರ್ಣಿಕಾ ಅಡಿಗೆಮನೆಯ ಬಾಗಿಲಿಗೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಏನೋ ಹೇಳುತ್ತಿದ್ದಳು. ಅವನು ಕಾಲು ತೊಳೆದ. ಬಚ್ಚಪ್ಪನನ್ನು ಕೊನೆಗಿಟ್ಟುಕೊಳ್ಳಬೇಕು. ಮುಖ ಒರೆಸಿಕೊಂಡ. ಮೃದುಲಾಳ ರಸದ ವಿಷಯ ಬಿಟ್ಟರೇ ವಾಸಿ.

‘‘ಏನಂತೀರಾ?’’

‘‘ಸರಿ,’’ ಎಂದ ಮಾಧವ್. ‘‘ಹಾಗೇ ಮಾಡೋಣ.’’

ಸೆರಗು ಬೆರಳಿಂದ ಬಿಚ್ಚಿಕೊಂಡಿತು. ಅವಳು ಅವನನ್ನೇ ನೋಡಿದಳು.

‘‘ನಿಜವಾಗ್ಲೂ?’’

‘‘ಹೂಂ.’’

‘‘ನೀವು ಒಪ್ಪಲ್ಲ ಅಂದ್ಕೊಂಡಿದ್ದೆ. ಎಷ್ಟು ದಿನದಿಂದ ಹೇಳ್ಬೇಕು ಹೇಳ್ಬೇಕು ಅಂತ...’’

ಅವಳ ಕಣ್ಣು ತುಂಬಿ ಬಂದಿತ್ತು, ಮುಖ ಅರಳಿತ್ತು. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಆ ಮುಖವನ್ನು ಅವನು ನೋಡಿರಲಿಲ್ಲ. ಯಾವುದಕ್ಕೆ ಸರಿ ಎಂದೆ? ಕೇಳುವುದು ಸುಲಭ. ಮೂರು ಶಬ್ದ. ಆದರೆ ಕೇಳಿದ ಕ್ಷಣ ಆ ಮುಖ ಇರುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಕತೆಯೂ ಅದರ ಹಿಂದೆಯೇ ಒಳಗಿಳಿಯಿತು.

ಅವಳು ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೋಣೆಗೆ ಹೋಗಿ ಹಾಸಿಗೆ ಸುತ್ತಿಟ್ಟಾಗಿತ್ತು. ಮೊದಲು ಮಂಚ ತೆಗೆದುಬಿಡೋಣ, ಬೆಳಕಿರುವಾಗಲೇ ಆಗಿಹೋಗಲಿ ಎಂದಳು. ಮದುವೆಯಲ್ಲಿ ಮಾವ ಕೊಟ್ಟ ತೇಗದ ಮಂಚ. ಅವನು ತಲೆಯ ಕಡೆ ಹಿಡಿದ, ಅವಳು ಕಾಲಿನ ಕಡೆ.

‘‘ಯಾವ ಕಡೆಗೆ?’’ ಎಂದು ಕೇಳಿದ, ಆದಷ್ಟು ಸಹಜವಾಗಿ.

‘‘ನೀವು ಹಿಂದಕ್ಕೆ ನಡೀತಾ ಇರಿ. ನಾನು ನೋಡ್ಕೊಳ್ತೀನಿ.’’

ಮಂಚವನ್ನು ಓರೆ ಮಾಡಿ ಬಾಗಿಲು ದಾಟಿಸಿದರು. ನಡುಮನೆಯಲ್ಲಿ ಇಳಿಸಬಹುದೆಂದು ಅವನು ನಿಧಾನಿಸಿದ. ಅವಳು ಇಳಿಸಲಿಲ್ಲ. ಏನೋ ಗುನುಗುತ್ತ ಹಗುರವಾಗಿ ನೂಕುತ್ತಲೇ ಬಂದಳು. ಜಗುಲಿಯೂ ಮುಗಿಯಿತು. ಬೆನ್ನ ಹಿಂದೆ ಕಬ್ಬಿಣದ ಗೇಟು ಕಿರ್ರೆಂದಿತು. ಕತ್ತು ತಿರುಗಿಸಿ ನೋಡಿದರೆ ಎದುರುಮನೆಯ ಶ್ಯಾಮಲಮ್ಮ, ಎಲ್ಲ ತಿಳಿದವರಂತೆ, ಗೇಟನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತಿದ್ದರು. ಮಾಧವ್ ಅವರಿಗೆ ನಗು ತೋರಿಸಿ, ಹಿಡಿತ ಬಿಗಿ ಮಾಡಿ, ಹಿಂಹಿಂದಕ್ಕೆ ಹೆಜ್ಜೆಯಿಡುತ್ತ ಬೀದಿಗೆ ಇಳಿದ.