ಸೊಸೆ ಬರುವ ಕೋಣೆಗೆ ಯಾವ ಬಣ್ಣ

ಮಗನ ಮದುವೆಗೆ ಇನ್ನು ಒಂಬತ್ತು ದಿನ ಇರುವಾಗ ಬಣ್ಣ ಬಳಿಯುವ ಮೇಸ್ತ್ರಿ ನಾರ್ಮತ್ ಏಣಿಯ ಮೇಲಿಂದಲೇ ಬ್ರಷ್ಷನ್ನು ಬಕೆಟ್ಟಿಗೆ ಎಸೆದು, ಎದೆಯ ಮೇಲೆ ಕೈಯಿಟ್ಟುಕೊಂಡ.

“ಮಸ್ತೂರಕ್ಕ, ಇದೇ ಕೊನೆ. ಮೊದ್ಲು ಏಪ್ರಿಕಾಟ್ ಅಂದ್ರಿ, ಹೊಡೆದೆ. ಆಮೇಲೆ ನೀಲಿ ಅಂದ್ರಿ, ಅದನ್ನೂ ಹೊಡೆದೆ. ಈಗ ಪಿಸ್ತಾ ಹಸಿರು. ಇದರ ಮೇಲೆ ಇನ್ನೊಂದು ಬಣ್ಣ ಬಿದ್ರೆ ಕೋಣೆ ಕಿರಿದಾಗಿ ಮದುಮಕ್ಕಳು ಅಂಗಳದಲ್ಲಿ ಮಲಗ್ಬೇಕಾಗುತ್ತೆ.”

“ನಿನ್ನನ್ನ ಕರೆಸಿದ್ದು ಬಳಿಯೋಕೆ, ಭಾಷಣ ಮಾಡೋಕಲ್ಲ,” ಎಂದೆ.

ಬಾಯಲ್ಲಿ ಜೋರು ಬಂತೇ ಹೊರತು ಮೈಯೊಳಗೆ ಇರುವೆ ಬಿಟ್ಟುಕೊಂಡ ಹಾಗಿತ್ತು. ಹಸಿರೂ ನನಗೆ ಸರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಪಿಸ್ತಾ, ಮಧ್ಯಾಹ್ನ ನೋಡಿದರೆ ಆಸ್ಪತ್ರೆ. ಅಂಗಳಕ್ಕೆ ಹೋಗಿ ಒಂದು ಸುತ್ತು ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಮತ್ತೆ ಒಳಗೆ ಬಂದು ನೋಡಿದೆ. ಆಗಲೂ ಆಸ್ಪತ್ರೆಯೇ.

ಇದಕ್ಕೆಲ್ಲ ಮೂಲ ಗುಲಾಬಿ ಬಣ್ಣ. ಹತ್ತೊಂಬತ್ತನೆಯ ವಯಸ್ಸಿಗೆ ನಾನು ಕೋಕಂದ್ ಪಟ್ಟಣದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಸಾರಾಖಾನ್ ನನ್ನ ಕೋಣೆಗೆ ಗುಲಾಬಿ ಬಳಿಸಿದ್ದರು. ಹೂವಿನ ಗುಲಾಬಿಯಲ್ಲ, ಹಲ್ಲುಪುಡಿಯ ಗುಲಾಬಿ. ನಿನಗೆ ಯಾವುದಿಷ್ಟ ಎಂದು ಯಾರೂ ಕೇಳಲಿಲ್ಲ. ಐದಾರು ವರ್ಷಕ್ಕೊಮ್ಮೆ ಗೋಡೆ ಮಾಸಿದಾಗ ಅತ್ತೆಯೇ ಬಜಾರಿಗೆ ಹೋಗಿ ಅದೇ ಗುಲಾಬಿ ತಂದರು, ಆಗಲೂ ಕೇಳಲಿಲ್ಲ. ನನ್ನ ಗಂಡ ಕಾಮಿಲ್ ನಾನ್ ರೊಟ್ಟಿ ಸುಡುವವನು. ನಸುಕಿಗೆ ಮೊದಲೇ ತಂದೂರಿನ ಕಡೆ ಹೊರಟುಬಿಡುತ್ತಾನೆ. ಅವನು ಹೋದಮೇಲೆ, ಬೆಳಕು ಹರಿಯುವ ಹೊತ್ತಿಗೆ ಅತ್ತೆ ಬಾಗಿಲು ತಳ್ಳಿಕೊಂಡು ಬಂದು “ಕೆಲಿನ್, ಅಂಗಳ ಗುಡಿಸಿಲ್ವಾ?” ಎನ್ನುತ್ತಾರೆ. ಕೆಲಿನ್ ಎಂದರೆ ಸೊಸೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಹೆಸರು ಅವರ ಬಾಯಿಗೆ ಬಂದದ್ದಿಲ್ಲ. ದಿನವೂ ಕಣ್ಣು ಬಿಟ್ಟರೆ ಎದುರಿಗೆ ಗುಲಾಬಿ ಗೋಡೆ, ಗೋಡೆಯ ಮುಂದೆ ಅತ್ತೆ. ಆ ಬಣ್ಣ ಕಂಡರೆ ನನ್ನ ಮೈ ಉರಿಯುತ್ತದೆ.

ಮಗ ಎಲ್ಬೆಕ್ ಹುಟ್ಟಿದ ವರ್ಷವೇ ಶಪಥ ಮಾಡಿದ್ದೆ: ನನ್ನ ಸೊಸೆಗೆ ಅವಳು ಕೇಳಿದ ಬಣ್ಣವನ್ನೇ ಬಳಿಸುತ್ತೇನೆ. ಅಷ್ಟೇ ಅಲ್ಲ, ನಮ್ಮಲ್ಲಿ ಸೊಸೆ ಮೊದಲು ಎದ್ದು ಅತ್ತೆಗೆ ಚಹಾ ಒಯ್ಯಬೇಕು, ನಾನು ಅದನ್ನೂ ತಿರುಗುಮುರುಗು ಮಾಡುತ್ತೇನೆ. ದಿನಾ ಬೆಳಿಗ್ಗೆ ಚಹಾದ ಬಟ್ಟಲು ಹಿಡಿದು, ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, “ಏಳಮ್ಮಾ, ನಿನ್ನ ಗೋಡೆ ಮೇಲೆ ಬಿಸಿಲು ಬಿದ್ದಿದೆ ನೋಡು” ಎನ್ನುತ್ತೇನೆ. ಈ ಒಂದು ಚಿತ್ರವನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಹುಡುಗಿ ನಗುತ್ತಾ ಏಳುತ್ತಿದ್ದಳು. ಗೋಡೆಯ ಬಣ್ಣ ಮಾತ್ರ ಕಾಣುತ್ತಿರಲಿಲ್ಲ.

ಹುಡುಗಿಯ ಹೆಸರು ಹುಲ್ಕರ್. ಔಷಧಿ ಅಂಗಡಿಯಲ್ಲಿ ಕೆಲಸ. ಒಳ್ಳೆಯ ಮನೆಯ ಹುಡುಗಿ, ಆ ಒಳ್ಳೆಯತನವೇ ನನ್ನ ತಲೆ ತಿಂದದ್ದು. ನಮ್ಮ ಕಡೆ ಗೋಡೆ ಗಂಡಿನವರದು, ಗೋಡೆಯೊಳಗಿನದೆಲ್ಲ ಹೆಣ್ಣಿನವರದು. ಕಪಾಟು, ಮಂಚ, ಹಾಸಿಗೆ, ಪರದೆ ಎಲ್ಲವನ್ನೂ ಅವರು ತಂದು ಜೋಡಿಸುತ್ತಾರೆ. ಹುಡುಗಿ ಮಾತ್ರ ಮದುವೆಯ ದಿನದವರೆಗೆ ಆ ಕೋಣೆಗೆ ಕಾಲಿಡುವಂತಿಲ್ಲ. ಹಾಗಾಗಿ ಒಂದು ತಿಂಗಳ ಹಿಂದೆ ಅವಳ ತಾಯಿ ಸನೋಬರ್ ಟೇಪು ಹಿಡಿದು ಕಿಟಕಿ ಅಳೆಯಲು ಬಂದಳು. ನಾನು ಕಾಯುತ್ತಿದ್ದದ್ದೇ ಅದಕ್ಕೆ.

“ಬೀಗ್ರೇ, ಹುಲ್ಕರ್‌ಗೆ ಯಾವ ಬಣ್ಣ ಇಷ್ಟ? ಹೇಳ್ಬಿಡಿ, ಅದನ್ನೇ ಬಳಿಸ್ತೀನಿ.”

“ಅಯ್ಯೋ, ನಿಮ್ಮ ಮನೆ, ನಿಮ್ಮಿಷ್ಟ ಬೀಗ್ರೇ. ನೀವು ಬಳಿಸಿದ ಬಣ್ಣಕ್ಕೆ ಹೊಂದೋ ಪರದೆ ನಾವು ಹೊಲಿಸ್ತೀವಿ.”

“ಛೆ ಛೆ, ನೀವು ಮೊದ್ಲು ಪರದೆ ತಗೊಳ್ಳಿ. ಅದಕ್ಕೆ ಹೊಂದೋ ಬಣ್ಣ ನಾವು ಬಳಿಸ್ತೀವಿ.”

“ಎಲ್ಲಾದ್ರೂ ಉಂಟಾ? ಮೊದ್ಲು ಗೋಡೆ, ಆಮೇಲೆ ಪರದೆ.”

“ನಿಮ್ಮಿಷ್ಟ.”

“ಇಲ್ಲ, ನಿಮ್ಮಿಷ್ಟ.”

ಮೂರು ಪಾತ್ರೆ ಚಹಾ ಖಾಲಿಯಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೋಗುವಾಗ ಅವಳು ಮಗಳಿಗೆ ತೋರಿಸಲು ಕೋಣೆಯ ನಾಲ್ಕು ಫೋಟೋ ತೆಗೆದುಕೊಂಡಳು. ಮರುದಿನ ಉತ್ತರ ಬಂತು: “ಹುಲ್ಕರ್ ಹೇಳಿದ್ಲು, ಅತ್ತೆ ಇಷ್ಟಾನೇ ನನ್ನಿಷ್ಟ ಅಂತ.” ಫೋನು ಕೆಳಗಿಟ್ಟು ಹಲ್ಲು ಕಡಿದೆ. ನಾನೂ ಹತ್ತೊಂಬತ್ತರಲ್ಲಿ ಹೀಗೆಯೇ ಹೇಳಿರುತ್ತಿದ್ದೆ, ಒಳಗೊಂದು ಹೊರಗೊಂದು. ಈ ಮಾತನ್ನು ನಂಬಲು ನಾನೇನು ನಿನ್ನೆ ಹುಟ್ಟಿದವಳೇ?

ಆಮೇಲೆ ನಾನು ಪತ್ತೇದಾರಿಕೆಗೆ ಇಳಿದೆ. ನಿಶ್ಚಿತಾರ್ಥದ ಫೋಟೋದಲ್ಲಿ ಹುಡುಗಿ ಏಪ್ರಿಕಾಟ್ ಬಣ್ಣದ ಸ್ಕಾರ್ಫ್ ಕಟ್ಟಿದ್ದಳು. ಸಿಕ್ಕಿತು ಎಂದುಕೊಂಡು ಅದನ್ನೇ ಬಳಿಸಿದೆ. ಸನೋಬರ್ ಬಂದು ನೋಡಿ “ತುಂಬಾ ಚೆನ್ನಾಗಿದೆ” ಎಂದಳು. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ಪರದೆ ಕೊಂಡಳಾ? ಇಲ್ಲ. ಅವರ ಮನೆಯ ಹಾಲ್ ತಿಳಿನೀಲಿ ಎಂದು ನೆನಪಾಯಿತು. ಹುಟ್ಟಿ ಬೆಳೆದ ಬಣ್ಣ, ಬೇಜಾರಾಗಲಾರದು ಎಂದು ಏಪ್ರಿಕಾಟ್ ಮೇಲೆ ನೀಲಿ ಬಳಿಸಿದೆ. ಅದು ಒಣಗುವ ಮೊದಲೇ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು. ತೋಳಿಗೆಲ್ಲ ಬಣ್ಣ.

“ನೀಲಿನಾ? ಸಾವಿನ ಮನೆ ಹೆಂಗಸರು ಉಡೋ ಬಣ್ಣ! ಮದುವಣಗಿತ್ತಿ ಕೋಣೆಗೆ ಸೂತಕ ಬಳಿಸ್ತೀಯಲ್ಲೇ ಕೆಲಿನ್!”

“ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ ಅತ್ತೆ?”

“ನಾನು ನೋಡ್ತೀನಿ. ನನ್ನ ಮಾತು ಕೇಳು, ಗುಲಾಬಿ ಬಳಿಸು. ನಿಂಗೆ ಬಳಿಸಿದ್ನಲ್ಲ, ಏನು ಕಮ್ಮಿ ಆಯ್ತು?”

ಏನು ಕಮ್ಮಿ ಆಯಿತು ಎಂದು ಹೇಳಲು ಬಾಯಿ ತೆರೆದೆ. ನಿಜವಾಗಿ ಏನು ಕಮ್ಮಿ ಆಯಿತು ಎಂಬುದು ಮಾತಿಗೆ ಸಿಗಲಿಲ್ಲ, ಬಾಯಿ ಮುಚ್ಚಿದೆ. ಮರುದಿನ ನಾರ್ಮತ್ ಬಿಳಿ ಬಣ್ಣಕ್ಕೆ ಹಸಿರಿನ ಟ್ಯೂಬು ಹಿಂಡಿ ಕಲಕಿದ. ಅದೇ ಈ ಪಿಸ್ತಾ, ಅಥವಾ ಆಸ್ಪತ್ರೆ.

ಮಗನನ್ನು ಕೇಳಿದರೆ “ಗೋಡೆ ತಾನೇ ಅಮ್ಮ” ಎಂದು ಫೋನಿನಿಂದ ತಲೆ ಎತ್ತಲಿಲ್ಲ. ಗಂಡನನ್ನು ಕೇಳಿದರೆ ಕೂತಲ್ಲೇ ನಿದ್ದೆ ಹೋಗಿದ್ದ. ನನಗೆ ಮಾತ್ರ ಅನ್ನ ರುಚಿಸುತ್ತಿರಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಹುಡುಗಿಯೂ ಇನ್ನು ಇಪ್ಪತ್ತೇಳು ವರ್ಷ ಗೋಡೆ ನೋಡಿ ಮೈ ಉರಿಸಿಕೊಂಡರೆ? ನನ್ನನ್ನು ಕಂಡರೆ, ನನಗೆ ಅತ್ತೆಯನ್ನು ಕಂಡಾಗ ಆಗುವ ಹಾಗೆ ಆದರೆ? ನನಗೆ ಇದ್ದ ಭಯ ಇದೊಂದೇ. ಇದು ಬಣ್ಣದ ಡಬ್ಬದಷ್ಟು ದೊಡ್ಡದಾಗಿ ಎದೆಯ ಮೇಲೆ ಕೂತಿತ್ತು.

ನಾರ್ಮತ್ ಬ್ರಷ್ ಎಸೆದ ಆ ದಿನವೇ ಸ್ಕಾರ್ಫ್ ಕಟ್ಟಿಕೊಂಡು ನೇರ ಔಷಧಿ ಅಂಗಡಿಗೆ ಹೋದೆ. ಮದುವೆಗೆ ಮೊದಲು ಅತ್ತೆಯಾಗುವವಳು ಹುಡುಗಿಯ ಕೆಲಸದ ಜಾಗಕ್ಕೆ ಹೋಗುವುದು ಇಡೀ ಕೇರಿ ಒಂದು ವಾರ ಅಗಿಯುವಂಥ ಸುದ್ದಿ. ಅಗಿಯಲಿ ಎಂದುಕೊಂಡೆ. ನನ್ನ ಮುಂದೆ ಸಾಲಿನಲ್ಲಿ ಐದು ಜನ. ಬಿಳಿ ಕೋಟು ತೊಟ್ಟ ಹುಲ್ಕರ್ ನನ್ನನ್ನು ಕಂಡವಳೇ ಕೈಯಲ್ಲಿದ್ದ ಔಷಧಿ ಚೀಟಿ ಬೀಳಿಸಿದಳು.

“ಅತ್ತೆ, ಹುಷಾರಿಲ್ವಾ?”

“ಬಿಪಿ ಮಾತ್ರೆ ಬೇಕು. ಬಿಪಿ ಬಂದಿದ್ದು ನಿನ್ನಿಂದ್ಲೇ. ಯಾವ ಬಣ್ಣ ಬೇಕು ಹೇಳು.”

“ಅದು... ನಿಮ್ಮಿಷ್ಟ ಅತ್ತೆ.”

“ನಿಮ್ಮಿಷ್ಟ, ನಿಮ್ಮಿಷ್ಟ! ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು. ನನ್ನಿಷ್ಟ ಏನು ಅಂತ ನಂಗೇ ಗೊತ್ತಿಲ್ಲ ಕಣಮ್ಮ, ಯಾರೂ ಕೇಳಿಲ್ಲ. ನಿನ್ನ ಕೇಳ್ತಿದೀನಿ, ಹೇಳು!”

ಸಾಲಿನಲ್ಲಿದ್ದ ಕೆಮ್ಮಿನ ಮುದುಕ ತಿರುಗಿ ನೋಡಿದ. “ಕೆನೆ ಬಣ್ಣ ಬಳಿಸಿ ತಾಯಿ. ಚೆನ್ನಾಗಿದೆ ಅಂತ ಯಾರೂ ಅನ್ನಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ನಲ್ಲ.”

“ನಿಮ್ಮ ಕೆಮ್ಮು ನೀವು ನೋಡ್ಕೊಳ್ಳಿ ಅಜ್ಜ,” ಎಂದೆ.

ಹುಲ್ಕರ್ ಕೆನ್ನೆ ಕೆಂಪಾಯಿತು. ಜೊತೆಯವಳಿಗೆ ಸಾಲು ಒಪ್ಪಿಸಿ ನನ್ನನ್ನು ಹಿಂದಿನ ಔಷಧಿ ಪೆಟ್ಟಿಗೆಗಳ ಕೋಣೆಗೆ ಕರೆದುಕೊಂಡು ಹೋದಳು. ಕೋಟಿನ ಗುಂಡಿ ತಿರುಚುತ್ತಾ ನಿಂತಳು.

“ಅತ್ತೆ, ಬೈಯಲ್ಲ ತಾನೆ?”

“ಬೈಯಲ್ಲ.”

“ಗುಲಾಬಿ ಬಳಿಸಿದ್ರೂ ಸರಿ, ಕಪ್ಪು ಬಳಿಸಿದ್ರೂ ಸರಿ. ಅಮ್ಮ ತಂದ ಫೋಟೋದಲ್ಲಿ ನಾನು ಗೋಡೆ ನೋಡ್ಲೇ ಇಲ್ಲ. ಬಾಗಿಲು ನೋಡ್ದೆ. ಅದಕ್ಕೆ ಒಳಚಿಲಕ ಇಲ್ಲ.” ಗುಂಡಿಯನ್ನು ಇನ್ನೊಂದು ಸುತ್ತು ತಿರುಚಿದಳು. “ನಮ್ಮಕ್ಕನ ಗಂಡನ ಮನೇಲೂ ಇಲ್ಲ. ಅವಳತ್ತೆ ಒಳ್ಳೆಯವರೇ, ಚಹಾ ಕೂಡ ತಂದುಕೊಡ್ತಾರೆ. ಆದ್ರೆ ಯಾವಾಗ ಬೇಕಾದ್ರೂ ಬಾಗಿಲು ತಳ್ಕೊಂಡು ಬರ್ತಾರೆ. ಅಕ್ಕ ಬಟ್ಟೆ ಬದಲಿಸೋಕೂ ಬಾಗಿಲಿಗೆ ಕುರ್ಚಿ ಇಡ್ತಾಳೆ. ಒಂದು ಚಿಲಕ ಹಾಕಿಸ್ತೀರಾ? ಅಷ್ಟೇ ಸಾಕು.”

ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಇನ್ನೂ ಮನೆಗೆ ಕಾಲಿಟ್ಟಿಲ್ಲ, ಆಗಲೇ ನನಗೆ ಬಾಗಿಲು ಹಾಕುತ್ತಾಳಾ? ನಾನೇನು ಕದಿಯಲು ಬರುತ್ತೇನಾ, ಬರುವುದು ಚಹಾ ತೆಗೆದುಕೊಂಡು... ಅಲ್ಲಿಗೆ ನಿಂತುಬಿಟ್ಟೆ. ಮನಸ್ಸಿನ ಆ ಚಿತ್ರದಲ್ಲಿ ನಾನು ಬಾಗಿಲು ತಳ್ಳುತ್ತಿದ್ದೆ. ಪ್ರತಿ ಸಲವೂ ತಳ್ಳುತ್ತಿದ್ದೆ. ಒಂದು ಸಲವಾದರೂ ಬಡಿದದ್ದಿಲ್ಲ.

“ಹಾಕಿಸ್ತೀನಿ,” ಎಂದೆ.

ಹುಡುಗಿಯ ಮುಖ ಅರಳಿತು. ನಾಲಿಗೆಯೂ ಸಡಿಲಾಯಿತು. “ಮತ್ತೆ ಅತ್ತೆ... ಅಮ್ಮ ಹೇಳಿದ ಆ ಏಪ್ರಿಕಾಟ್ ಮಾತ್ರ ಬೇಡ. ನಿಶ್ಚಿತಾರ್ಥದ ಸ್ಕಾರ್ಫ್ ನೋಡಿ ಬಳಿಸಿದ್ರೇನೋ, ಅದು ಅಕ್ಕಂದು. ಆ ಬಣ್ಣ ಕಂಡ್ರೆ ನಂಗಾಗಲ್ಲ.”

“ಅದು ಯಾವತ್ತೋ ಮುಚ್ಚಿಹೋಯ್ತು. ಈಗ ಹಸಿರಿದೆ, ಮಧ್ಯಾಹ್ನ ಸ್ವಲ್ಪ ಆಸ್ಪತ್ರೆ ಥರ ಕಾಣುತ್ತೆ.”

“ನಂಗೆ ಅಭ್ಯಾಸ ಇದೆ ಬಿಡಿ. ಇಲ್ಲೂ ಹಸಿರೇ,” ಎಂದು ಅಂಗಡಿಯ ಗೋಡೆ ತೋರಿಸಿ ನಕ್ಕಳು. “ಬಿಳಿ ಪರದೆ ಹಾಕಿದ್ರೆ ಸರಿಹೋಗುತ್ತೆ. ಅಮ್ಮಂಗೆ ನಾನೇ ಹೇಳ್ತೀನಿ.”

ಹೊರಗೆ ಬಂದು ಬಜಾರಿನ ಕಬ್ಬಿಣದ ಸಾಮಾನಿನ ಸಾಲಿಗೆ ಹೋಗಿ ಒಂದು ಚಿಲಕ ಕೊಂಡೆ. ಬಸ್‌ಸ್ಟಾಪಿನವರೆಗೆ ನಡೆದೆ. ಬಸ್ಸು ಬಂತು, ಹತ್ತಲಿಲ್ಲ. ವಾಪಸು ಹೋಗಿ ಅಂಥದ್ದೇ ಇನ್ನೊಂದು ಕೊಂಡೆ.

ಮನೆಯಲ್ಲಿ ನಾರ್ಮತ್ ಬ್ರಷ್ ತೊಳೆಯುತ್ತಿದ್ದ. ಹಸಿರೇ ಇರಲಿ ಎಂದಾಗ ಆಕಾಶಕ್ಕೆ ಕೈಯೆತ್ತಿದ. ಚಿಲಕ ಕೊಟ್ಟಾಗ ಏನೂ ಕೇಳದೆ ಸ್ಕ್ರೂಡ್ರೈವರ್ ಹುಡುಕಿದ. ಸದ್ದು ಕೇಳಿ ಅತ್ತೆ ಬಂದರು.

“ಮನೆಯೊಳಗೆ ಚಿಲಕ ಯಾಕೆ? ನಾವೇನು ಕಳ್ಳರಾ?”

ಇದೇ ಮಾತು. ಒಂದಕ್ಷರವೂ ಬದಲಾಗಿರಲಿಲ್ಲ. ನಾನು ಈ ಮನೆಗೆ ಬಂದ ಮೊದಲ ವಾರದಲ್ಲಿ ನನ್ನ ಬಾಗಿಲಿನ ಚಿಲಕ ಬಿಚ್ಚಿಸುವಾಗಲೂ ಅವರು ಹೀಗೆಯೇ ಕೇಳಿದ್ದರು. ಆಗ ನಾನು ತಲೆ ತಗ್ಗಿಸಿದ್ದೆ. ಸ್ಕ್ರೂ ಇದ್ದ ನಾಲ್ಕು ತೂತುಗಳನ್ನು ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಆಮೇಲೆ ಆ ಚಿಲಕವನ್ನು ನಾನೂ ಮರೆತೆ. ಗುಲಾಬಿಯನ್ನು ಮಾತ್ರ ಬೈಯುತ್ತಾ ಬಂದೆ.

“ಕಳ್ಳರಲ್ಲ ಅತ್ತೆ,” ಎಂದೆ. “ಬಡಿದ್ರೆ ತೆಗೀತಾರೆ.”

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂತು ಬಿಡು,” ಎಂದು ಗೊಣಗುತ್ತಾ ಅವರು ಸ್ಕಾರ್ಫಿನ ತುದಿ ಎಳೆದುಕೊಂಡು ಹೋದರು. ಅವರ ಬೆನ್ನು ಮರೆಯಾದ ಮೇಲೆ ನಾರ್ಮತ್‌ನನ್ನು ನನ್ನ ಕೋಣೆಗೆ ಕರೆದೆ. ಬಾಗಿಲಿನ ಬಣ್ಣದ ಮೇಲೆ ಬೆರಳಾಡಿಸಿದಾಗ ಹಳೆಯ ತೂತುಗಳ ಉಬ್ಬು ಸಿಕ್ಕಿತು. ಹೊಸ ಚಿಲಕ ಸರಿಯಾಗಿ ಅಲ್ಲೇ ಕೂತಿತು.

ಮರುದಿನ ಕಾಮಿಲ್ ಕೆಲಸಕ್ಕೆ ಹೋದಮೇಲೆ ನಾನು ಎದ್ದು ಚಿಲಕ ಹಾಕಿ ಮತ್ತೆ ಮಲಗಿದೆ. ನಿದ್ದೆ ಎಲ್ಲಿಯದು? ಪರೀಕ್ಷೆಗೆ ಕೂತವಳ ಹಾಗೆ ಬಾಗಿಲನ್ನೇ ನೋಡುತ್ತಿದ್ದೆ. ಬೆಳಕು ಹರಿಯಿತು. ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಬಾಗಿಲು ಒಮ್ಮೆ ಅದುರಿ ನಿಂತಿತು. ಇನ್ನೊಮ್ಮೆ ಅದುರಿತು.

“ಕೆಲಿನ್?”

ನಾನು ಹೊದಿಕೆಯನ್ನು ಕೊರಳವರೆಗೆ ಎಳೆದುಕೊಂಡೆ. ಅಯ್ಯೋ, ಎಪ್ಪತ್ತೊಂಬತ್ತರ ಮುದುಕಿಯನ್ನು ಹೊರಗೆ ನಿಲ್ಲಿಸಿದೆನಲ್ಲ ಎಂದುಕೊಂಡು ಹೊದಿಕೆ ಸರಿಸಿದೆ. ಏಳಬೇಕು ಎನ್ನುವಷ್ಟರಲ್ಲಿ ಬೆರಳಿನ ಗೆಣ್ಣು ಮರಕ್ಕೆ ತಾಗಿದ ಸದ್ದು, ಎರಡೇ ಸಲ, ಮೆಲ್ಲಗೆ.

“ಮಸ್ತೂರಾ,” ಎಂದರು ಅತ್ತೆ. “ಮಸ್ತೂರಾ, ಹುಷಾರಾಗಿದ್ದೀಯಾ?”

“ಇದ್ದೀನಿ ಅತ್ತೆ, ಬಂದೆ,” ಎಂದೆ. ಹಾಸಿಗೆಯಲ್ಲಿ ಎದ್ದು ಕೂತು, ಸ್ಕಾರ್ಫ್ ಕಟ್ಟಿಕೊಳ್ಳುತ್ತಾ ಎದುರಿನ ಗೋಡೆ ನೋಡಿದೆ. ಅದರ ಮುಂದೆ ಯಾರೂ ನಿಂತಿರಲಿಲ್ಲ. ಕಿಟಕಿಯ ಬಿಸಿಲು ಅಡ್ಡವಿಲ್ಲದೆ ಗೋಡೆಯ ತುಂಬ ಬಿದ್ದಿತ್ತು. ಗುಲಾಬಿ ಅಷ್ಟೇನೂ ಕೆಟ್ಟ ಬಣ್ಣವಾಗಿರಲಿಲ್ಲ.