ಬಟ್ಟೆ ಕಟ್ಟಿದ ತೆನೆ

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂದವರು ನಮ್ಮ ಹೊನ್ನೇಶನನ್ನು ನೋಡಿರಲಿಲ್ಲ. ಕಪ್ಪತಗುಡ್ಡ ನಮ್ಮ ಹೊಲಗಳ ನೆತ್ತಿಯ ಮೇಲೆಯೇ ಇದೆ. ಆದರೂ ಅವನು ತನ್ನ ಬದುವಿನಲ್ಲಿ ‘ಗುಡ್ಡ ವೀಕ್ಷಣಾ ಸ್ಥಳ’ ಎಂಬ ಬೋರ್ಡು ನೆಟ್ಟು, ಕೆಳಗೆ ಬಾಣದ ಗುರುತು ಬರೆಸಿದ. ಇಲ್ಲದಿದ್ದರೆ ಜನ ಗುಡ್ಡ ಕಾಣದೆ ಪರದಾಡುತ್ತಿದ್ದರೇನೋ! ಅವನು ನನ್ನ ಪಕ್ಕದ ಹೊಲದವನು. ನನ್ನನ್ನು ಕಾಕಾ ಅನ್ನುತ್ತಾನೆ, ಮಾತು ಮಾತ್ರ ಕೇಳುವುದಿಲ್ಲ.

ಪ್ರವಾಸಿ ತಾಣ ಆರಿಸುವ ಸಮಿತಿಯೊಂದು ಬರುವುದಿತ್ತು. ಅವರು ಮೆಚ್ಚಿದರೆ ಹೊಲದವರೆಗೂ ಡಾಂಬರು ರಸ್ತೆ, ಮೇಲೆ ಎರಡು ಸಿಮೆಂಟಿನ ಬೆಂಚು. ಗುಡ್ಡಕ್ಕೆ ಬೆನ್ನು ಹಾಕಿ ಕೂತು ಮೊಬೈಲು ನೋಡಲು ಬೆಂಚು ಬೇಕೇ ಬೇಕಲ್ಲ.

ಅವನ ತಾಯಿ ತಿಪ್ಪವ್ವನ ಚಿಂತೆ ಬೇರೆ. ಅದು ಸೀತನಿ ಕಾಲ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಹೊಲಕ್ಕೆ ಬಂದವರಿಗೆಲ್ಲ ಕೊಡಬೇಕು. ಯಾರಿಗೂ ಇಲ್ಲ ಅನ್ನುವಂತಿಲ್ಲ. ಹೊಲದ ತುಂಬ ಇದ್ದದ್ದು ಮಗ ಅಂಗಡಿಯಿಂದ ತಂದ ಪಾಕೀಟು ಬೀಜದ ಜೋಳ. ಒಂದು ಮೂಲೆಯಲ್ಲಿ ಮಾತ್ರ ಆಕೆ ಅತ್ತೆಯ ಕಾಲದ ಜೋಳ ಹಾಕಿದ್ದಳು, ಮಡಕೆಯಲ್ಲಿದ್ದ ಕೊನೆಯ ಹಿಡಿ ಬೀಜ. ಹಕ್ಕಿಗಳ ಪಾಲು ಹೋಗಿ ಇಪ್ಪತ್ತು ತೆನೆ ಉಳಿದಿದ್ದವು. ಒಂದೊಂದಕ್ಕೂ ಹಳೆ ಸೀರೆಯ ಕೆಂಪು ಚೂರು ಕಟ್ಟಿದ್ದಳು. ಬಟ್ಟೆ ಕಟ್ಟಿದ್ದು ಬೀಜಕ್ಕೆ, ಅದನ್ನು ಮುಟ್ಟಬಾರದೆಂದು ಊರಿಗೆಲ್ಲ ಗೊತ್ತು.

ಸಮಿತಿ ಬಂತು. ಜನ ಆರು, ಹಸಿವು ಹನ್ನೆರಡು ಜನರದು. ಗುಡ್ಡವನ್ನು ಯಾರೂ ನೋಡಲಿಲ್ಲ, ಬೋರ್ಡಿನ ಫೋಟೊ ಹೊಡೆದುಕೊಂಡರು. ತಿಪ್ಪವ್ವ ಸುಟ್ಟು ಕೊಟ್ಟದ್ದನ್ನು ಬೆಲ್ಲ, ಶೇಂಗಾ ಚಟ್ನಿ ಹಚ್ಚಿ ಮುಗಿಸಿದರು. ಆಕೆ ರೊಟ್ಟಿ ಬುಟ್ಟಿ ತರಲು ಮನೆಗೆ ಹೋದಳು. ಅಷ್ಟರಲ್ಲಿ ಹಿರಿಯ ಸಾಹೇಬರ ಕಣ್ಣು ಕೆಂಪು ಚೂರುಗಳ ಮೇಲೆ ಬಿತ್ತು.

"ಇವ್ಯಾಕ ಬ್ಯಾರೆ ಅದಾವು?"

ಹೊನ್ನೇಶನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸೀತನಿ ಕಾಲದಲ್ಲಿ ಅತಿಥಿಗೆ ಇಲ್ಲ ಅನ್ನುವುದು ಹೇಗೆ? ಅದೂ ಡಾಂಬರು ತರುವ ಅತಿಥಿಗೆ!

"ಸಾಹೇಬ್ರಿಗಂತನ ಆರಿಸಿ ಇಟ್ಟೀವ್ರಿ" ಅಂದುಬಿಟ್ಟ.

"ಲೇ ಹೊನ್ಯಾ, ಅದು ಬೀಜದ್ದಲೇ!" ಎಂದು ನಾನು ಕೂಗಿದೆ.

"ಸುಮ್ನಿರ್ರಿ ಕಾಕಾ, ಒಮ್ಮಿ ರಸ್ತಾ ಆಗ್ಲಿ."

ಅವನು ಇಪ್ಪತ್ತೂ ತೆನೆ ಮುರಿದು ಕೆಂಡಕ್ಕಿಟ್ಟ, ನಾನು ತಡೆಯಲಿಲ್ಲ. ಸುಳ್ಳೇಕೆ ಹೇಳಲಿ, ಆ ರಸ್ತೆ ನನ್ನ ಹೊಲಕ್ಕೂ ಮುಟ್ಟುತ್ತಿತ್ತು. ನನಗೂ ಒಂದು ಹಿಡಿ ಸೀತನಿ ಬಂತು, ತಿಂದೆ. ಹಾಳಾದ್ದು, ಬಹಳ ರುಚಿಯಾಗಿತ್ತು.

ತಿಪ್ಪವ್ವ ಬುಟ್ಟಿ ಹೊತ್ತು ಬಂದಾಗ ಕೆಂಡದ ಪಕ್ಕ ಬಟ್ಟೆಯ ಚೂರುಗಳಷ್ಟೇ ಬಿದ್ದಿದ್ದವು. ಮಗನನ್ನು ನೋಡಿದಳು, ನನ್ನನ್ನೂ ನೋಡಿದಳು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಆಕೆ ಒಬ್ಬೊಬ್ಬರಿಗೂ ರೊಟ್ಟಿ ಬಡಿಸಿದಳು.

ಸಾಹೇಬರು ಬಾಯಿ ಒರೆಸಿಕೊಂಡರು. "ಯಮ್ಮಾ, ಆ ಕೆಂಪು ಬಟ್ಟಿ ಜ್ವಾಳದ ರುಚಿನ ಬ್ಯಾರೆ ನೋಡು. ಮುಂದಿನ ವರ್ಷಾನೂ ಅದನ್ನ ತಿನ್ನಾಕ ಬರ್ತೀವಿ."

"ಬರ್ರಿ ಸಾಹೇಬ್ರ" ಅಂದಳು ತಿಪ್ಪವ್ವ. "ಬರೂವಾಗ ಬೀಜ ತರ್ರಿ."