ರೂವಿಯೇರರ ಮಣ್ಣು

“ಎಡಕ್ಕೆ ಬರೀ ಬಂಡೆ ಸುಜಾನಕ್ಕ, ಬಲಕ್ಕೇ ಅಗೀಬೇಕು,” ಎಂದ ಮಾರಿಯುಸ್, ಹಿತ್ತಿಲ ಮರದಡಿಯ ಗುಂಡಿಯೊಳಗಿಂದ ತಲೆಯೆತ್ತಿ.

“ಬಲಕ್ಕೆ ಬೇಡ ಮಾರಾಯ.”

“ಯಾಕೆ, ಅಲ್ಲೂ ಈರುಳ್ಳಿ ಹಾಕಿದೀರಾ?”

ನೆರೆಯವರು ನಕ್ಕರು. ಸೆವೆನ್ ಎಂಬ ಬೆಟ್ಟಸೀಮೆಯ ಪ್ರೊಟೆಸ್ಟೆಂಟರು ತಮ್ಮವರನ್ನು ಹಿತ್ತಿಲಲ್ಲೇ ಮಣ್ಣು ಮಾಡುತ್ತಾರೆ, ಮೇಲೆ ಕಲ್ಲು ನೆಡುವುದಿಲ್ಲ. ಒಳಗೆ ಸುಜಾನಳ ಗಂಡ ಎಲೀ ರೂವಿಯೇರ್ ಪೆಟ್ಟಿಗೆಯಲ್ಲಿ ಮಲಗಿದ್ದ.

“ಆ ಮನೆತನದ ಹೆಸರಲ್ಲಿ ಎಂಥೆಂಥವರು ಆಗಿಹೋದ್ರು,” ಎಂದಳು ಪಕ್ಕದ ಮನೆಯ ಒಡೆತ್. “ಒಬ್ಬ ಧರ್ಮ ಬಿಡಲ್ಲ ಅಂತ ಕೈದಿಯಾಗಿ ರಾಜನ ಹಡಗಲ್ಲಿ ಹುಟ್ಟು ಹಾಕ್ದ. ಇನ್ನೊಬ್ಬ ಪ್ಯಾರಿಸ್ಸಲ್ಲಿ ದೊಡ್ಡ ಡಾಕ್ಟರು. ನಮ್ಮ ಎಲೀ ಈರುಳ್ಳಿ ಬೆಳ್ದ. ಪಾಪ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದು ಒಂದಿನಾನೂ ನೋಡ್ಲಿಲ್ಲ.”

*

ಮದುವೆಗೆ ಮುಂಚೆ ಎಲೀ ಅವಳಿಗೆ ಹೇಳಿದ್ದ. ಚಿಕ್ಕಂದಿನಿಂದ ನೀಮ್ ಪಟ್ಟಣದ ಅತ್ತೆಯ ಮನೆಯಲ್ಲಿದ್ದ ಈ ಮನೆಯ ಮಗ, ಯುದ್ಧಕಾಲದಲ್ಲಿ ಜ್ವರ ಹೊತ್ತು ಬಂದು ಸತ್ತ. ಅಪ್ಪ ಅಮ್ಮ ಯಾರಿಗೂ ತಿಳಿಸದೆ, ಗಟ್ಟಿಯಾಗಿ ಅಳಲೂ ಹೆದರಿ, ಹಿತ್ತಿಲ ಮರದ ಬಲಕ್ಕೆ ಹೂತರು. ಆಗ ಅದೇ ಮನೆಗೆ ಅಡಗಲು ಬಂದಿದ್ದ ಯೆಹೂದಿ ಹುಡುಗನಿಗೆ, ಎಂದರೆ ತನಗೆ, ಆ ಮಗನ ಹೆಸರು ಕೊಟ್ಟರು.

“ನನ್ನವರು ಯಾರೂ ವಾಪಸ್ ಬರ್ಲಿಲ್ಲ. ಈ ಹೆಸರು ಹೋದ್ರೆ ನಾನ್ಯಾರೂ ಅಲ್ಲ ಸುಜಾನ್. ಯಾರಿಗೂ ಹೇಳ್ಬೇಡ.”

*

ಗುದ್ದಲಿ ಬಲಕ್ಕೆ ತಿರುಗಿತು. ಮೂಳೆ ಸಿಕ್ಕರೆ ಪೊಲೀಸರು ಬರುತ್ತಾರೆ, ಎಲೀಯನ್ನು ಮಣ್ಣು ಮಾಡುವುದು ನಿಲ್ಲುತ್ತದೆ. ರೂವಿಯೇರ್ ಅಲ್ಲದವನಿಗೆ ಇಲ್ಲಿ ಮಣ್ಣಿಲ್ಲ ಅಂದುಬಿಟ್ಟರೆ? ಗುದ್ದಲಿಗಿಂತ ಹೆಚ್ಚಾಗಿ ಸುಜಾನ್ ಹೆದರಿದ್ದು ಗೋಡೆಯ ಪಕ್ಕ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗಂಡನ ಅಕ್ಕ ನೊಯೆಮಿಗೆ. ಗುಟ್ಟು ಗೊತ್ತಿದ್ದ ಇನ್ನೊಬ್ಬಳು ಅವಳು; ಈಚೆಗೆ ಅವಳ ನಾಲಿಗೆಗೆ ಹಿಡಿತವಿರಲಿಲ್ಲ.

ಮಾರಿಯುಸ್ ತಟ್ಟನೆ ನಿಂತ. ಅವನ ಅಂಗೈಯಲ್ಲಿ ಕಂದುಬಣ್ಣದ ಒಂದು ಮೂಳೆ.

“ಇದು ಯಾರದು?”

“ರೂವಿಯೇರರ ಹಿತ್ತಿಲಲ್ಲಿ ಇನ್ಯಾರಿರ್ತಾರೆ, ಪೋಪ್ ಇರ್ತಾನಾ?” ನೊಯೆಮಿ ಕಣ್ಣು ಬಿಟ್ಟಿದ್ದಳು. “ನನ್ನ ತಮ್ಮ.”

“ಅತ್ತಿಗೆ, ಸುಮ್ಮನಿರಿ,” ಎಂದಳು ಸುಜಾನ್.

ಮಾರಿಯುಸ್ ಮನೆಯ ಬಾಗಿಲತ್ತ ನೋಡಿದ. “ನಿಮಗಿದ್ದದ್ದು ಒಬ್ಬನೇ ತಮ್ಮ ಅಲ್ವಾ ಅಜ್ಜಿ?”

“ಇಬ್ಬರು.”

ಸುಜಾನ್ ಕಣ್ಣು ಮುಚ್ಚಿಕೊಂಡು ಕಾದಳು. ಕಣ್ಣು ಬಿಟ್ಟಾಗ ಮಾರಿಯುಸ್ ಮೂಳೆಯನ್ನು ಸಿಕ್ಕಿದಲ್ಲೇ ಇಟ್ಟು ಹಸಿಮಣ್ಣು ಮೆತ್ತುತ್ತಿದ್ದ. ಆಮೇಲೆ ಗುದ್ದಲಿಯನ್ನು ಮೇಲಕ್ಕೆಸೆದು, ಮಂಡಿಯೂರಿ, ಎಲೀಗೂ ಪಕ್ಕದಲ್ಲಿ ಜಾಗವಾಗುವಂತೆ ಬರಿಗೈಯಲ್ಲೇ ಗುಂಡಿಯನ್ನು ಅಗಲ ಮಾಡತೊಡಗಿದ.